ಉಕ್ಕಿನ ಊರಿನ ಹಾಕಿ ತಂಡ

ಹಾಕಿ ಎಂದೊಡನೆ ನಮ್ಮವರ ಕಣ್ಣ ಮುಂದೆ ನಿಲ್ಲುವುದು ಧ್ಯಾನಚಂದರ ಕೋಲು, ಹುಲ್ಲಿನ ಮೈದಾನ. ಇಲ್ಲವೇ ಕೊಡಗಿನ ಬಯಲಿನಲ್ಲಿ ಒಂದೊಂದು ಮನೆತನದವರೂ ಒಂದೊಂದು ತಂಡವಾಗಿ ಇಳಿಯುವ ಪಂದ್ಯಾವಳಿ. ನಾನು ಇಲ್ಲಿ ಹೇಳಹೊರಟಿರುವುದು ಆ ಹಾಕಿಯ ಮಾತಲ್ಲ, ಅದರ ದಾಯಾದಿಯಾದ ಐಸ್ ಹಾಕಿಯ ಮಾತು. ಅದರಲ್ಲೂ ಲೋಕಪ್ರಸಿದ್ಧವಾದ ತಂಡವೊಂದರ ಕಥೆಯಲ್ಲ. ಅಮೆರಿಕದ ಜಾನ್‌ಸ್ಟೌನ್ ಎಂಬ ಸಣ್ಣ ಊರಿನಲ್ಲಿ, ಕೆಳದರ್ಜೆಯ ಲೀಗುಗಳಲ್ಲಿ ಆಡಿಕೊಂಡಿದ್ದ ತಂಡದ ಕಥೆ.

ಇದನ್ನು ನಮ್ಮ ಪತ್ರಿಕೆಯಲ್ಲಿ ಬರೆಯುವ ಅಗತ್ಯವೇನು ಎಂದು ಓದುಗರು ಕೇಳಬಹುದು. ಕೇಳುವುದು ನ್ಯಾಯವೇ. ಜಾನ್‌ಸ್ಟೌನ್ ಹೊಟ್ಟೆಪಾಡಿಗಾಗಿ ದೂರದಿಂದ ಬಂದವರು ಕೂಡಿ ಕಟ್ಟಿದ ಊರು. ಅದರ ತಂಡದಲ್ಲಿ ಆಡಿದವರೂ ಬಹುಪಾಲು ಪರ ಊರಿನವರೇ. ಕೆಲಸ ಕೊಟ್ಟ ಕಾರ್ಖಾನೆ ಮುಚ್ಚಿದ ಮೇಲೆ ಊರಿಗೆ ಉಳಿಯುವುದೇನು ಎಂಬ ಪ್ರಶ್ನೆಗೆ ಅಲ್ಲಿಯ ಜನ ಒಂದು ಆಟದ ಮೂಲಕ ಉತ್ತರ ಹುಡುಕಿದರು. ಪರೇಲ್, ಲಾಲ್‌ಬಾಗ್‌ಗಳಲ್ಲಿ ಗಿರಣಿಯ ಭೋಂಗಾ ನಿಂತುಹೋದುದನ್ನು ಕಂಡವರಿಗೆ ಆ ಪ್ರಶ್ನೆ ಅಪರಿಚಿತವಾಗಿರಲಾರದು.

ಕಣಿವೆಯ ಊರು

ಪೆನ್ಸಿಲ್ವೇನಿಯಾ ರಾಜ್ಯದ ಪಶ್ಚಿಮ ಭಾಗದಲ್ಲಿ, ಪಿಟ್ಸ್‌ಬರ್ಗ್ ನಗರದಿಂದ ಪೂರ್ವಕ್ಕೆ ಸುಮಾರು 100 ಕಿಲೋಮೀಟರ್ ಹೋದರೆ ಬೆಟ್ಟಗಳ ನಡುವೆ ಒಂದು ಇಕ್ಕಟ್ಟಾದ ಕಣಿವೆ ಸಿಗುತ್ತದೆ. ಸ್ಟೋನಿಕ್ರೀಕ್ ಮತ್ತು ಲಿಟಲ್ ಕಾನಮಾ ಎಂಬ ಎರಡು ಹೊಳೆಗಳು ಅಲ್ಲಿ ಕೂಡುತ್ತವೆ. ಆ ಸಂಗಮದಲ್ಲಿರುವುದೇ ಜಾನ್‌ಸ್ಟೌನ್. ಸುತ್ತಲ ಬೆಟ್ಟಗಳಲ್ಲಿ ಕಲ್ಲಿದ್ದಲು ಇತ್ತು, ಕಬ್ಬಿಣದ ಅದಿರಿತ್ತು, ಹೊಳೆಯಲ್ಲಿ ನೀರಿತ್ತು. 1852ರಲ್ಲಿ ಕೇಂಬ್ರಿಯಾ ಐರನ್ ಕಂಪನಿ ಅಲ್ಲಿ ಕುಲುಮೆ ಹೂಡಿತು. ಅಮೆರಿಕದ ಉದ್ದಗಲಕ್ಕೂ ರೈಲುಹಾದಿ ಹಾಸುತ್ತಿದ್ದ ಕಾಲ ಅದು. ಕಂಬಿಗಳಿಗೆ ಬೇಡಿಕೆಯೋ ಬೇಡಿಕೆ. ವೇಲ್ಸ್, ಐರ್ಲೆಂಡ್, ಜರ್ಮನಿಗಳಿಂದ ಮೊದಲು, ಆಮೇಲೆ ಸ್ಲೊವಾಕಿಯಾ, ಹಂಗೇರಿ, ಪೋಲೆಂಡ್, ಇಟಲಿಗಳಿಂದ ಜನ ಬಂದು ಸೇರಿದರು. ಒಂದೊಂದು ಜನಾಂಗದವರಿಗೂ ಒಂದೊಂದು ಕೇರಿ, ಒಂದೊಂದು ಇಗರ್ಜಿ, ಒಂದೊಂದು ಸಂಘ. 1923ರಲ್ಲಿ ಈ ಕಾರ್ಖಾನೆಯನ್ನು ಬೆಥ್ಲೆಹೆಮ್ ಸ್ಟೀಲ್ ಕಂಪನಿ ಕೊಂಡುಕೊಂಡಿತು.

ಊರಿಗೆ ಅನ್ನ ಕೊಟ್ಟ ನೀರೇ ಊರಿಗೆ ಮೃತ್ಯುವೂ ಆಯಿತು. ಮೇಲಿನ ಬೆಟ್ಟದಲ್ಲಿ ಪಿಟ್ಸ್‌ಬರ್ಗಿನ ಧನಿಕರ ವಿಹಾರ ಸಂಘವೊಂದು ಮೀನು ಹಿಡಿಯಲೆಂದು ಹಳೆಯ ಅಣೆಕಟ್ಟೆಯೊಂದನ್ನು ಇಟ್ಟುಕೊಂಡಿತ್ತು. ಆಂಡ್ರೂ ಕಾರ್ನೆಗಿ ಅದರ ಸದಸ್ಯರಲ್ಲೊಬ್ಬ. 1889ರ ಮೇ 31ರಂದು, ಎಡೆಬಿಡದ ಮಳೆಯಲ್ಲಿ ಆ ಕಟ್ಟೆ ಒಡೆಯಿತು. ಸುಮಾರು ಒಂದು ಗಂಟೆಯಲ್ಲಿ ನೀರು ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರ ಉರುಳಿ ಬಂದು ಊರಿನ ಮೇಲೆ ಬಿತ್ತು. ಸತ್ತವರ ಸಂಖ್ಯೆ 2,209. ಯಾವ ನ್ಯಾಯಾಲಯವೂ ಆ ಸಂಘವನ್ನು ಹೊಣೆ ಮಾಡಲಿಲ್ಲ. 1936ರಲ್ಲಿ ಇನ್ನೊಂದು ಪ್ರವಾಹ ಬಂತು. ಆಗ ಕೇಂದ್ರ ಸರಕಾರ ಹೊಳೆಗಳ ಪಾತ್ರವನ್ನು ಆಳ ಮಾಡಿ, ಎರಡೂ ದಡಕ್ಕೆ ಕಾಂಕ್ರೀಟು ಗೋಡೆ ಕಟ್ಟಿಸಿಕೊಟ್ಟಿತು. ಇನ್ನು ನಮಗೆ ಪ್ರವಾಹದ ಭಯವಿಲ್ಲ ಎಂದು ಊರಿನವರು ಹೆಮ್ಮೆಯಿಂದ ಹೇಳಿಕೊಂಡರು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಸ್ಮಾರಕದೊಳಗಿನ ಆಟ

ಎರಡನೆಯ ಮಹಾಯುದ್ಧ ಮುಗಿದ ಮೇಲೆ, ಮಡಿದ ಸೈನಿಕರ ನೆನಪಿಗೆ ಏನು ಕಟ್ಟಬೇಕೆಂಬ ಪ್ರಶ್ನೆ ಎಲ್ಲ ಊರುಗಳಲ್ಲೂ ಎದ್ದಿತು. ಕೆಲವು ಊರುಗಳು ಕಂಬ ನಿಲ್ಲಿಸಿದವು, ಕೆಲವು ವಿಗ್ರಹ ನಿಲ್ಲಿಸಿದವು. ಜಾನ್‌ಸ್ಟೌನಿನಲ್ಲಿ ಒಂದು ಕ್ರೀಡಾಮಂದಿರ ಎದ್ದಿತು. 1950ರಲ್ಲಿ ಬಾಗಿಲು ತೆರೆದ ಅದರ ಹೆಸರು ಕೇಂಬ್ರಿಯಾ ಕೌಂಟಿ ಯುದ್ಧಸ್ಮಾರಕ ಅರೀನಾ. ಸುಮಾರು ನಾಲ್ಕು ಸಾವಿರ ಜನ ಕೂಡಬಹುದಾದ ಕಟ್ಟಡ. ಆ ವರ್ಷವೇ ಅದರೊಳಗೆ ಜಾನ್‌ಸ್ಟೌನ್ ಜೆಟ್ಸ್ ಎಂಬ ಐಸ್ ಹಾಕಿ ತಂಡ ಆಟ ಶುರುಮಾಡಿತು.

ಈ ಆಟವನ್ನು ನೋಡಿಲ್ಲದವರಿಗಾಗಿ ಎರಡು ಮಾತು. ಅಂಗಳ ಸುಮಾರು 61 ಮೀಟರ್ ಉದ್ದ, 26 ಮೀಟರ್ ಅಗಲ; ಸುತ್ತಲೂ ಮರದ ಅಡ್ಡಹಲಗೆ. ನೆಲದ ಕಾಂಕ್ರೀಟಿನೊಳಗೆ ಕೊಳವೆಗಳನ್ನು ಹುದುಗಿಸಿ, ಅವುಗಳಲ್ಲಿ ಅತಿ ತಣ್ಣಗಿನ ಉಪ್ಪುನೀರನ್ನು ಹರಿಸುತ್ತಾರೆ. ಮೇಲೆ ನೀರನ್ನು ತೆಳುವಾಗಿ ಪದರಪದರವಾಗಿ ಸಿಂಪಡಿಸಿದರೆ ಅದು ಹೆಪ್ಪುಗಟ್ಟಿ ಎರಡು ಮೂರು ಸೆಂಟಿಮೀಟರ್ ದಪ್ಪದ ಗಾಜಿನಂಥ ನೆಲವಾಗುತ್ತದೆ. ಒಂದೊಂದು ಕಡೆಗೆ ಆರು ಮಂದಿ. ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ತೂಕ 160 ಗ್ರಾಮಿನಷ್ಟು. ಆಟಗಾರರು ಕಾಲಿಗೆ ಅಲಗಿನ ಬೂಟು ಕಟ್ಟಿಕೊಂಡು ಗಾಳಿಯಂತೆ ಜಾರುತ್ತಾರೆ. ಮೈಗೆ ಮೈ ಹೊಡೆದು ಎದುರಾಳಿಯನ್ನು ಹಲಗೆಗೆ ಒತ್ತುವುದಕ್ಕೆ ಈ ಆಟದ ನಿಯಮದಲ್ಲೇ ಅವಕಾಶವಿದೆ. ಕೈಕೈ ಮಿಲಾಯಿಸಿದರೆ ಮಾತ್ರ ತಪ್ಪು. ಅಂಥವನನ್ನು ಐದು ನಿಮಿಷ ಪಕ್ಕದ ಪೆಟ್ಟಿಗೆಯಂಥ ಕಟಕಟೆಯಲ್ಲಿ ಕೂರಿಸುತ್ತಾರೆ. ಶಿಕ್ಷೆ ಮುಗಿದ ಮೇಲೆ ಮತ್ತೆ ಆಡಬಹುದು. ಜಗಳಕ್ಕೆ ಶಿಕ್ಷೆಯೂ ಉಂಟು, ಜಾಗವೂ ಉಂಟು. ಈ ಕಥೆಗೆ ಆ ವಿಷಯ ಮುಖ್ಯ.

1967ರವರೆಗೆ ಅಮೆರಿಕ, ಕೆನಡಾಗಳೆರಡಕ್ಕೂ ಸೇರಿ ನ್ಯಾಷನಲ್ ಹಾಕಿ ಲೀಗ್ ಎಂಬ ಮೇಲಿನ ಪಂಕ್ತಿಯಲ್ಲಿ ಇದ್ದದ್ದು ಆರೇ ಆರು ತಂಡ. ಆರು ತಂಡವೆಂದರೆ ನೂರಿಪ್ಪತ್ತು ಆಟಗಾರರಿಗಿಂತ ಹೆಚ್ಚಿಗೆ ಸ್ಥಳವಿಲ್ಲ. ಕೆನಡಾದಲ್ಲೋ ಹಳ್ಳಿಗೊಂದು ಹೆಪ್ಪುಗಟ್ಟಿದ ಕೆರೆ, ಕೆರೆಗೊಂದು ಹಿಂಡು ಹುಡುಗರು. ಮೇಲೆ ಜಾಗ ಸಿಗದವರೆಲ್ಲ ಕೆಳಗಿನ ಲೀಗುಗಳಿಗೆ ಇಳಿಯುತ್ತಿದ್ದರು. ಜೆಟ್ಸ್ ಆಡುತ್ತಿದ್ದ ಈಸ್ಟರ್ನ್ ಹಾಕಿ ಲೀಗ್ ಅಂಥದೊಂದು. ಉತ್ತರದ ಗಿರಣಿ ಊರುಗಳಿಂದ ದಕ್ಷಿಣದ ಬೆಚ್ಚಗಿನ ನಾಡುಗಳವರೆಗೆ ಅದರ ತಂಡಗಳು ಹರಡಿದ್ದವು. ಪ್ರಯಾಣವೆಲ್ಲ ಬಸ್ಸಿನಲ್ಲಿ. ರಾತ್ರಿ ಆಡಿ, ಬಸ್ಸಿನಲ್ಲಿಯೇ ನಿದ್ದೆ ಮಾಡಿ, ಮರುದಿನ ಬೇರೊಂದು ಊರಿನಲ್ಲಿ ಮತ್ತೆ ಆಡುವುದು. ಸಂಬಳ ಅಷ್ಟಕ್ಕಷ್ಟೇ. ಬೇಸಿಗೆ ಬಂದರೆ ಬೇರೆ ಕೆಲಸ ಹುಡುಕಿಕೊಳ್ಳಬೇಕು.

ಆ ಕಾಲದ ಜೆಟ್ಸ್ ತಂಡದಲ್ಲಿ ಇಬ್ಬರನ್ನು ಹೆಸರಿಸಲೇಬೇಕು. ಒಬ್ಬ ಡಿಕ್ ರೋಬರ್ಜ್. 1950ರ ದಶಕದ ನಡುವಿನಲ್ಲಿ ಬಂದವನು ಎರಡು ದಶಕಗಳ ಹತ್ತಿರ ಜಾನ್‌ಸ್ಟೌನನ್ನು ಬಿಡಲಿಲ್ಲ. ಗೋಲುಗಳ ಸುರಿಮಳೆ ಕರೆದವನು. ಆಟಗಾರನೂ ಅವನೇ, ಮುಂದೆ ತರಬೇತುಗಾರನೂ ಅವನೇ. 1960, 1961, 1962 ಹೀಗೆ ಮೂರು ವರ್ಷ ಒಂದೇ ಸಮನೆ ಜೆಟ್ಸ್ ಲೀಗಿನ ಪ್ರಶಸ್ತಿ ಗೆದ್ದಾಗ ಅವನು ಆ ತಂಡದ ಬೆನ್ನೆಲುಬು. ಆದರೂ ನ್ಯಾಷನಲ್ ಲೀಗಿನ ಅಂಗಳದಲ್ಲಿ ಅವನು ಕಾಲಿಡಲಿಲ್ಲ. ಇನ್ನೊಬ್ಬ ಗೇಲನ್ ಹೆಡ್. ಅವನು 1967-68ರಲ್ಲಿ ಡೆಟ್ರಾಯ್ಟ್ ತಂಡಕ್ಕೆ ಹೋಗಿ ನ್ಯಾಷನಲ್ ಲೀಗಿನಲ್ಲಿ ಆಡಿದ ಪಂದ್ಯ ಒಂದೇ ಒಂದು. ಮೇಲಿನ ಮೆಟ್ಟಿಲಿಗೂ ಕೆಳಗಿನ ಮೆಟ್ಟಿಲಿಗೂ ಇರುವ ಅಂತರ ಎಷ್ಟೆಂಬುದಕ್ಕೆ ಇದಕ್ಕಿಂತ ಬೇರೆ ಲೆಕ್ಕ ಬೇಕಾಗಿಲ್ಲ. ಜಗತ್ತಿನ ಪುಸ್ತಕದಲ್ಲಿ ಒಂದು ಪಂದ್ಯ. ಜಾನ್‌ಸ್ಟೌನಿನ ಪುಸ್ತಕದಲ್ಲಿ ಮಹಾರಥಿ.

ಉಕ್ಕಿನ ಕಾರ್ಖಾನೆಯ ಪಾಳಿ ಮುಗಿಸಿ ಬಂದವನಿಗೆ ಈ ಲೆಕ್ಕ ಬೇಕಿರಲಿಲ್ಲ. ತನ್ನ ಊರಿನ ಹೆಸರನ್ನು ಎದೆಯ ಮೇಲೆ ಹೊತ್ತು ಆಡುವವನು ಅವನಿಗೆ ತನ್ನವನು. ಕೇರಿಗೊಂದು ಇಗರ್ಜಿ, ಕೇರಿಗೊಂದು ಭಾಷೆ ಇದ್ದ ಊರಿನಲ್ಲಿ ಎಲ್ಲರೂ ಒಂದೇ ಸೂರಿನ ಕೆಳಗೆ ಕೂತು ಒಂದೇ ಹೆಸರನ್ನು ಕೂಗುವ ಜಾಗ ಅದು.

ಕಾರ್ಲ್‌ಸನ್ ಸೋದರರು

1967ರಲ್ಲಿ ನ್ಯಾಷನಲ್ ಲೀಗ್ ಆರು ತಂಡಗಳಿಂದ ಹನ್ನೆರಡಕ್ಕೆ ಬೆಳೆಯಿತು. 1972ರಲ್ಲಿ ಅದಕ್ಕೆ ಪ್ರತಿಸ್ಪರ್ಧಿಯಾಗಿ ವರ್ಲ್ಡ್ ಹಾಕಿ ಅಸೋಸಿಯೇಷನ್ ಎಂಬ ಇನ್ನೊಂದು ಲೀಗ್ ಎದ್ದಿತು. ಆಟಗಾರರಿಗೆ ಒಮ್ಮೆಗೇ ನೂರಾರು ಸ್ಥಾನ ತೆರೆಯಿತು. ಕೆಳಗಿನ ಲೀಗುಗಳು ಅಲುಗಾಡಿದವು. 1973ರಲ್ಲಿ ಈಸ್ಟರ್ನ್ ಲೀಗ್ ಒಡೆದುಹೋಯಿತು. ಜೆಟ್ಸ್ ಹೊಸದಾದ ನಾರ್ತ್ ಅಮೆರಿಕನ್ ಹಾಕಿ ಲೀಗಿಗೆ ಸೇರಿತು.

ಇದೇ ಹೊತ್ತಿಗೆ ಆಟದ ಸ್ವಭಾವವೂ ಬದಲಾಗುತ್ತಿತ್ತು. 1974 ಮತ್ತು 1975ರಲ್ಲಿ ಫಿಲಡೆಲ್ಫಿಯಾ ಫ್ಲಯರ್ಸ್ ತಂಡ ಹೊಡೆದಾಟಕ್ಕೆ ಹೆದರದ ಆಳುಗಳನ್ನು ಕಟ್ಟಿಕೊಂಡು ಸ್ಟ್ಯಾನ್ಲಿ ಕಪ್ ಗೆದ್ದಿತು. ಗೆದ್ದವನ ದಾರಿಯೇ ದಾರಿ. ಕೆಳಗಿನ ಲೀಗುಗಳಲ್ಲಿ ಮುಷ್ಟಿಯುದ್ಧವೇ ಟಿಕೀಟು ಮಾರುವ ಸರಕಾಯಿತು. ಆಟ ನೋಡಲು ನೂರು ಜನ ಬಂದರೆ ಜಗಳ ನೋಡಲು ಸಾವಿರ ಜನ ಬರುತ್ತಾರೆ ಎಂಬುದು ಲೋಕರೂಢಿ. ಇದನ್ನು ಮುಚ್ಚಿಟ್ಟು ಈ ತಂಡದ ಚರಿತ್ರೆ ಬರೆಯುವುದು ಪ್ರಾಮಾಣಿಕತೆಯಾಗದು.

1974-75ರ ಜೆಟ್ಸ್ ತಂಡದಲ್ಲಿ ಜ್ಯಾಕ್, ಸ್ಟೀವ್, ಜೆಫ್ ಎಂಬ ಮೂವರು ಕಾರ್ಲ್‌ಸನ್ ಸೋದರರು ಬಂದು ಸೇರಿದರು. ಮಿನೆಸೋಟಾ ರಾಜ್ಯದ ಕಬ್ಬಿಣದ ಗಣಿಗಳ ಸೀಮೆಯಲ್ಲಿ ವರ್ಜೀನಿಯಾ ಎಂಬ ಊರಿದೆ, ಅಲ್ಲಿಯ ಹುಡುಗರು. ಅದಿರಿನ ಊರಿನವರು ಉಕ್ಕಿನ ಊರಿಗೆ ಬಂದಂತಾಯಿತು. ಕಪ್ಪು ಚೌಕಟ್ಟಿನ ದಪ್ಪ ಕನ್ನಡಕ, ಭುಜಕ್ಕಿಳಿದ ಕೂದಲು. ಬಿಡುವಿನಲ್ಲಿ ಮಕ್ಕಳ ಆಟಿಕೆ ಕಾರುಗಳನ್ನು ಓಡಿಸಿಕೊಂಡು ಕೂರುವರು. ಹಿಮದ ಮೇಲೆ ಇಳಿದರೆ ಮೂರು ಗೂಳಿಗಳು. ಅವರ ಜೊತೆಗೆ ಡೇವ್ ಹ್ಯಾನ್ಸನ್ ಎಂಬ ಇನ್ನೊಬ್ಬ ಗಟ್ಟಿಗ. ತರಬೇತುಗಾರ ನಮ್ಮ ಹಳೆಯ ರೋಬರ್ಜ್. ಆ ವರ್ಷ ಲೀಗಿನ ಲಾಕ್‌ಹಾರ್ಟ್ ಕಪ್ಪನ್ನು ಜಾನ್‌ಸ್ಟೌನ್ ಗೆದ್ದಿತು.

ಗೆದ್ದರೂ ಗಲ್ಲಾಪೆಟ್ಟಿಗೆ ತುಂಬಲಿಲ್ಲ. ತಂಡವನ್ನು ಮಾರುತ್ತಾರಂತೆ, ಮುಚ್ಚುತ್ತಾರಂತೆ ಎಂಬ ಸುದ್ದಿ ಆಟಗಾರರ ಕಿವಿಗೆ ಬೀಳುತ್ತಲೇ ಇತ್ತು. ತಂಡದಲ್ಲಿ ನೆಡ್ ಡೌಡ್ ಎಂಬ ಆಟಗಾರನಿದ್ದ. ಒಂದು ರಾತ್ರಿ ತನ್ನ ಅಕ್ಕನಿಗೆ ಫೋನು ಮಾಡಿ, ತಂಡ ಮಾರಾಟಕ್ಕಿದೆ, ನಮ್ಮ ಮಾಲೀಕ ಯಾರೆಂಬುದೇ ನಮಗೆ ಗೊತ್ತಿಲ್ಲ ಎಂಬರ್ಥದ ಮಾತು ಹೇಳಿಕೊಂಡ. ಆ ಅಕ್ಕ ನ್ಯಾನ್ಸಿ ಡೌಡ್. ಚಿತ್ರಕಥೆ ಬರೆಯುವ ಕಸುಬಿನವಳು. ಮಾಲೀಕನ ಹೆಸರು ತಿಳಿಯದೆ ದುಡಿಯುವ ಜನ ಎಂಬ ಒಂದು ಸಂಗತಿ ಅವಳ ಮನಸ್ಸಿಗೆ ನಾಟಿತು. ಆಕೆ ಜಾನ್‌ಸ್ಟೌನಿಗೇ ಬಂದು ಇದ್ದಳು. ತಮ್ಮನ ಕೈಗೆ ಟೇಪ್‌ರೆಕಾರ್ಡರ್ ಕೊಟ್ಟು, ಬಸ್ಸಿನಲ್ಲೂ ಉಡುಪು ಬದಲಿಸುವ ಕೋಣೆಯಲ್ಲೂ ಆಟಗಾರರು ಆಡುವ ಮಾತನ್ನು ಇದ್ದದ್ದು ಇದ್ದ ಹಾಗೆ ಹಿಡಿಸಿದಳು.

ಸಿನಿಮಾದಲ್ಲಿ ಊರು

ಹೀಗೆ ಹುಟ್ಟಿದ್ದು 'ಸ್ಲ್ಯಾಪ್ ಶಾಟ್' ಎಂಬ ಚಿತ್ರ. ನಿರ್ದೇಶಕ ಜಾರ್ಜ್ ರಾಯ್ ಹಿಲ್, ನಾಯಕ ಪಾಲ್ ನ್ಯೂಮನ್. ಇಬ್ಬರೂ ಸೇರಿ ಮಾಡಿದ 'ದಿ ಸ್ಟಿಂಗ್' ಚಿತ್ರವನ್ನು ನಮ್ಮ ಓದುಗರಲ್ಲಿ ಹಿರಿಯರು ನೋಡಿರಬಹುದು. 1976ರಲ್ಲಿ ಚಿತ್ರೀಕರಣದ ಬಹುಭಾಗ ನಡೆದದ್ದು ಜಾನ್‌ಸ್ಟೌನಿನಲ್ಲೇ, ಆ ಯುದ್ಧಸ್ಮಾರಕದೊಳಗೇ. ಕುರ್ಚಿಗಳಲ್ಲಿ ಕೂತು ಕೂಗುವ ಪ್ರೇಕ್ಷಕರಾಗಿ ಊರಿನ ಜನರೇ ಬಂದರು.

ಚಿತ್ರದಲ್ಲಿ ಊರಿನ ಹೆಸರು ಚಾರ್ಲ್ಸ್‌ಟೌನ್, ತಂಡದ ಹೆಸರು ಚೀಫ್ಸ್. ಕಾರ್ಖಾನೆ ಹತ್ತು ಸಾವಿರ ಜನರನ್ನು ಮನೆಗೆ ಕಳಿಸಲಿದೆ. ಕೆಲಸವಿಲ್ಲದ ಊರಿನಲ್ಲಿ ಟಿಕೀಟು ಕೊಳ್ಳುವವರು ಯಾರು? ವಯಸ್ಸಾದ ಆಟಗಾರ-ತರಬೇತುಗಾರ ತಂಡವನ್ನು ಉಳಿಸಲು ಸುಳ್ಳು ಹೇಳುತ್ತಾನೆ. ಫ್ಲೋರಿಡಾದವರು ನಮ್ಮನ್ನು ಕೊಳ್ಳುತ್ತಾರೆಂದು ಗಾಳಿಸುದ್ದಿ ಹಬ್ಬಿಸುತ್ತಾನೆ. ಹೊಡೆದಾಟದಿಂದ ಜನ ಸೇರಿಸುತ್ತಾನೆ. ಕೊನೆಗೆ ಮಾಲೀಕಳನ್ನು ಕಂಡುಹಿಡಿದು ಹೋದರೆ, ತಂಡವನ್ನು ಮಾರುವುದಕ್ಕಿಂತ ಮುಚ್ಚಿದರೆ ತೆರಿಗೆಯ ಲೆಕ್ಕದಲ್ಲಿ ತನಗೆ ಲಾಭವೆಂದು ಆಕೆ ತಣ್ಣಗೆ ಹೇಳುತ್ತಾಳೆ. ನಗಿಸುವ ಚಿತ್ರವೇ ಸರಿ. ಮಾತು ಬಲು ಒರಟು. ಆದರೆ ಈ ಒಂದು ದೃಶ್ಯದಲ್ಲಿ ನಗು ಗಂಟಲಲ್ಲೇ ನಿಲ್ಲುತ್ತದೆ.

ಚಿತ್ರದ ಹೊಡೆದಾಟದ ಮೂವರು ಸೋದರರಿಗೆ ಹ್ಯಾನ್ಸನ್ ಎಂದು ಹೆಸರು. ಆ ಪಾತ್ರಗಳಿಗೆ ಕಾರ್ಲ್‌ಸನ್ ಸೋದರರೇ ಬೇಕಾಗಿದ್ದರು. ಆದರೆ ಜ್ಯಾಕನನ್ನು ಮೇಲಿನ ಲೀಗಿನ ಎಡ್ಮಂಟನ್ ತಂಡ ಕರೆಸಿಕೊಂಡಿತು. ಅವನ ಜಾಗಕ್ಕೆ ಡೇವ್ ಹ್ಯಾನ್ಸನ್ ಬಂದ. ಹೀಗಾಗಿ ಚಿತ್ರದ 'ಹ್ಯಾನ್ಸನ್' ಸೋದರರಲ್ಲಿ ಇಬ್ಬರು ಕಾರ್ಲ್‌ಸನ್ನರು, ಒಬ್ಬನೇ ನಿಜವಾದ ಹ್ಯಾನ್ಸನ್!

ಇನ್ನೊಂದು ಸಣ್ಣ ವಿಷಯ. ಚಿತ್ರದಲ್ಲಿ ಊರ ನಡುವೆ ನಾಯಿಯ ವಿಗ್ರಹವೊಂದು ಬರುತ್ತದೆ. ಪ್ರವಾಹದಿಂದ ಜನರನ್ನು ಕಾಪಾಡಿದ ನಾಯಿ ಎಂದು ಅಲ್ಲಿ ಕಥೆ. ವಿಗ್ರಹ ನಿಜ, ಕಥೆ ಸುಳ್ಳು. ಅದು ಮಾರ್ಲಿ ಎಂಬ ಮನೆತನದವರ ಅಂಗಳದಲ್ಲಿದ್ದ ಎರಕದ ಅಲಂಕಾರದ ನಾಯಿ. 1889ರ ನೀರಿನಲ್ಲಿ ತಾನೇ ಕೊಚ್ಚಿಹೋಗಿ ಮತ್ತೆ ಸಿಕ್ಕಿದ್ದು. ಯಾರನ್ನೂ ಉಳಿಸಲಿಲ್ಲ, ತಾನು ಉಳಿಯಿತು, ಅಷ್ಟೆ. ಆ ಊರಿಗೆ ಅಷ್ಟೇ ಸಾಕಾಗಿತ್ತೋ ಏನೋ, ಇಂದಿಗೂ ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾರೆ.

ಮತ್ತೆ ನೀರು

ಚಿತ್ರ ಬಿಡುಗಡೆಯಾದದ್ದು 1977ರ ಫೆಬ್ರವರಿಯಲ್ಲಿ. ಐದು ತಿಂಗಳು ಕಳೆಯಿತು. ಜುಲೈ 19ರ ರಾತ್ರಿ ಕಣಿವೆಯ ಮೇಲೆ ಮೋಡಗಳು ಬಂದು ನಿಂತವು, ಅಲುಗಲಿಲ್ಲ. ಸುಮಾರು ಹತ್ತು ಗಂಟೆಗಳಲ್ಲಿ ಒಂದು ಅಡಿಯಷ್ಟು ಮಳೆ ಹೊಯ್ದಿತು. ಲಾರೆಲ್ ರನ್ ಎಂಬ ಕಟ್ಟೆಯೂ, ಇನ್ನೂ ಕೆಲವು ಸಣ್ಣ ಕಟ್ಟೆಗಳೂ ಒಡೆದವು. ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಪ್ರವಾಹದ ಭಯವಿಲ್ಲದ ಊರು ಎಂಬ ಹೆಮ್ಮೆ ಒಂದೇ ರಾತ್ರಿಯಲ್ಲಿ ಮಣ್ಣುಪಾಲಾಯಿತು.

ನೀರು ಯುದ್ಧಸ್ಮಾರಕದೊಳಗೂ ನುಗ್ಗಿತು. ಮಂಜುಗಡ್ಡೆ ಕಟ್ಟುವ ಯಂತ್ರಗಳು ಹಾಳಾದವು. ಮೊದಲೇ ಏದುಸಿರು ಬಿಡುತ್ತಿದ್ದ ತಂಡಕ್ಕೆ ಮತ್ತೆ ಏಳುವ ಶಕ್ತಿ ಇರಲಿಲ್ಲ. ಅದು ಆಡುತ್ತಿದ್ದ ಲೀಗ್ ಕೂಡ ಅದೇ ವರ್ಷ ಬಾಗಿಲು ಹಾಕಿತು. 27 ಋತುಗಳ ಜೆಟ್ಸ್ ಹೀಗೆ ಕೊನೆಗೊಂಡಿತು. ಚಿತ್ರದಲ್ಲಿ ಮಾಲೀಕಳು ಮಾಡಿದ್ದನ್ನು ನಿಜಜೀವನದಲ್ಲಿ ಮಳೆ ಮಾಡಿತು.

ಆಮೇಲೆ ಚಿತ್ರದ ಉಳಿದರ್ಧವೂ ನಿಜವಾಯಿತು. 1970ರ ದಶಕದ ಮೊದಲಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಕೆಲಸ ಕೊಟ್ಟಿದ್ದ ಬೆಥ್ಲೆಹೆಮ್ ಸ್ಟೀಲ್, ಪ್ರವಾಹದ ಬೆನ್ನಿಗೇ ಸಾವಿರಾರು ಜನರನ್ನು ಕೆಲಸದಿಂದ ತೆಗೆಯಿತು. ಹಳೆಯ ಕುಲುಮೆಗಳು, ಹೊರದೇಶದ ಅಗ್ಗದ ಉಕ್ಕು, ಹೊಗೆಯ ಮೇಲಿನ ಹೊಸ ಕಾನೂನುಗಳು ಎಲ್ಲವೂ ಕೂಡಿಬಂದಿದ್ದವು. ಪ್ರವಾಹ ನೆಪವೂ ಆಯಿತು, ಕಾರಣವೂ ಆಯಿತು. 1983ರಲ್ಲಿ ಜಾನ್‌ಸ್ಟೌನ್ ಸೀಮೆಯಲ್ಲಿ ದುಡಿಯಬಲ್ಲವರಲ್ಲಿ ಹೆಚ್ಚುಕಡಿಮೆ ನಾಲ್ವರಿಗೊಬ್ಬನಂತೆ ಕೆಲಸವಿಲ್ಲದೆ ಕೂತಿದ್ದ. ಅಮೆರಿಕದಲ್ಲೇ ಅತಿ ಹೆಚ್ಚು ನಿರುದ್ಯೋಗದ ಊರೆಂಬ ಅಪಖ್ಯಾತಿ ಬಂತು. 1992ರಲ್ಲಿ ಬೆಥ್ಲೆಹೆಮ್ ಅಲ್ಲಿಯ ಕಾರ್ಖಾನೆಯನ್ನು ಮುಚ್ಚಿಯೇಬಿಟ್ಟಿತು. 1920ರಲ್ಲಿ 67,327 ಇದ್ದ ಜನಸಂಖ್ಯೆ 1980ಕ್ಕೆ 35,496 ಆಯಿತು. 2020ರ ಗಣತಿಯಲ್ಲಿ 18,411. ತಂದೆ ಊರು ಹುಡುಕಿಕೊಂಡು ಬಂದಿದ್ದ. ಮಗ ಊರು ಬಿಟ್ಟು ಹೋದ.

ಕಲ್ಪನೆಯಿಂದ ಪಡೆದ ಹೆಸರು

1978ರಿಂದ ಎರಡು ವರ್ಷ ಬೇರೊಂದು ತಂಡ ಅಲ್ಲಿ ಆಡಿತು, ನಿಲ್ಲಲಿಲ್ಲ. ಅಲ್ಲಿಂದಾಚೆಗೆ ಪೂರ್ತಿ ಏಳು ಚಳಿಗಾಲ ಜಾನ್‌ಸ್ಟೌನಿನಲ್ಲಿ ವೃತ್ತಿಪರ ಹಾಕಿ ಇರಲಿಲ್ಲ. ಊರಿನ ಇತಿಹಾಸದಲ್ಲಿ ಅತ್ಯಂತ ಕಷ್ಟದ ವರ್ಷಗಳೂ ಅವೇ.

1988ರ ಜನವರಿಯಲ್ಲಿ ಮತ್ತೆ ಒಂದು ತಂಡ ಎದ್ದಿತು. ಅದಕ್ಕೆ ಏನು ಹೆಸರಿಟ್ಟರು ಬಲ್ಲಿರಾ? ಚೀಫ್ಸ್! ಸಿನಿಮಾದ ಕಲ್ಪಿತ ತಂಡದ ಹೆಸರು. ನಿಜವಾದ ಜೆಟ್ಸ್ ನೋಡಿ ಕಲ್ಪಿತ ಚೀಫ್ಸ್ ಹುಟ್ಟಿತ್ತು. ಈಗ ಕಲ್ಪಿತ ಚೀಫ್ಸ್ ನೋಡಿ ನಿಜವಾದ ಚೀಫ್ಸ್ ಹುಟ್ಟಿತು. ಕಥೆಯಲ್ಲಿ ಮುಚ್ಚಿಹೋದ ತಂಡವನ್ನು ಊರು ತಾನಾಗಿ ತೆರೆಯಿತು. 1988-89ರಲ್ಲಿ ಐದು ತಂಡಗಳು ಸೇರಿ ಈಸ್ಟ್ ಕೋಸ್ಟ್ ಹಾಕಿ ಲೀಗ್ ಶುರುವಾದಾಗ ಚೀಫ್ಸ್ ಆ ಐವರಲ್ಲಿ ಒಂದು. ತರಬೇತುಗಾರನಾಗಿ ಬಂದವನು ಯಾರು? ಚಿತ್ರದಲ್ಲಿ ಹ್ಯಾನ್ಸನ್ ಸೋದರನಾಗಿ ಕಲ್ಪಿತ ಚೀಫ್ಸ್ ಪರ ಆಡಿದ್ದ ಅದೇ ಸ್ಟೀವ್ ಕಾರ್ಲ್‌ಸನ್. ನಡುವೆ ಅವನು ನ್ಯಾಷನಲ್ ಲೀಗಿನ ಲಾಸ್ ಏಂಜಲೀಸ್ ತಂಡದಲ್ಲೂ ಆಡಿ ಬಂದಿದ್ದ. ಮೊದಲ ವರ್ಷವೇ ಚೀಫ್ಸ್ ಅಂತಿಮ ಸುತ್ತಿಗೆ ಏರಿತು. ಏಳು ಪಂದ್ಯಗಳ ಹಣಾಹಣಿಯಲ್ಲಿ ಕೆರೊಲಿನಾ ತಂಡಕ್ಕೆ ನಾಲ್ಕು-ಮೂರರಲ್ಲಿ ಸೋತಿತು. ಮುಂದೆ ಎಷ್ಟು ವರ್ಷ ಆಡಿದರೂ ಪ್ರಶಸ್ತಿ ಅದರ ಕೈಗೆ ಬರಲೇ ಇಲ್ಲ.

ಆದರೂ ಅದು ಉಳಿಯಿತು. ಜೊತೆಗೆ ಹುಟ್ಟಿದ ನಾಲ್ಕು ತಂಡಗಳೂ ಒಂದೊಂದಾಗಿ ಊರು ಬದಲಿಸಿದವು, ಇಲ್ಲವೇ ಹೆಸರು ಬದಲಿಸಿದವು. ಚೀಫ್ಸ್ ಒಂದೇ ಅದೇ ಊರಿನಲ್ಲಿ, ಅದೇ ಹೆಸರಿನಲ್ಲಿ, 22 ಋತು ಆ ಲೀಗಿನಲ್ಲಿ ನಿಂತಿತು. ಅಷ್ಟರಲ್ಲಿ ಲೀಗ್ ದೊಡ್ಡದಾಗಿತ್ತು. ದೊಡ್ಡ ನಗರಗಳು, ಹೊಸ ಕ್ರೀಡಾಂಗಣಗಳು ಬಂದಿದ್ದವು. ನಾಲ್ಕು ಸಾವಿರ ಕುರ್ಚಿಯ ಹಳೆಯ ಕಟ್ಟಡ, ಅದರಲ್ಲೂ ಖಾಲಿ ಕುರ್ಚಿಗಳು. ಇಪ್ಪತ್ತು ಸಾವಿರ ಜನರ ಊರು ಎಷ್ಟು ದಿನ ತಾಳೀತು? 2010ರಲ್ಲಿ ತಂಡವನ್ನು ದಕ್ಷಿಣ ಕೆರೊಲಿನಾದ ಗ್ರೀನ್‌ವಿಲ್‌ಗೆ ಸಾಗಿಸಿದರು. ಅಲ್ಲಿ ಅದಕ್ಕೆ ಬೇರೆ ಹೆಸರು.

ಅಮೆರಿಕದ ಈ ಪದ್ಧತಿ ನಮಗೆ ವಿಚಿತ್ರವಾಗಿ ಕಾಣುವಂಥದು. ಅಲ್ಲಿ ತಂಡವೆಂದರೆ ಒಬ್ಬರ ಸ್ವತ್ತು. ಅಂಗಡಿಯನ್ನು ಇನ್ನೊಂದು ಬೀದಿಗೆ ಒಯ್ಯುವಂತೆ ತಂಡವನ್ನು ಇನ್ನೊಂದು ಊರಿಗೆ ಒಯ್ಯಬಹುದು. ಆಟಗಾರರು ಕೆಲವರು ಹೋಗುತ್ತಾರೆ, ಲೆಕ್ಕಪತ್ರ ಹೋಗುತ್ತದೆ. ಇಪ್ಪತ್ತೆರಡು ವರ್ಷ ಚಳಿಯಲ್ಲಿ ಬಂದು ಕೂತವರನ್ನು ಯಾರೂ ಕೇಳುವುದಿಲ್ಲ. ನೆಡ್ ಡೌಡ್ ಅಂದು ರಾತ್ರಿ ಫೋನಿನಲ್ಲಿ ಕೇಳಿದ ಪ್ರಶ್ನೆಯೇ ಮತ್ತೆ ಎದುರು ನಿಲ್ಲುತ್ತದೆ: ಈ ತಂಡ ಯಾರದು?

ಉಳಿದದ್ದು

ಕಾಗದದ ಮೇಲಿನ ಉತ್ತರ ಒಂದು. ಜಾನ್‌ಸ್ಟೌನಿನವರು ಕೊಟ್ಟ ಉತ್ತರ ಇನ್ನೊಂದು. 2012ರಲ್ಲಿ ಆ ಕಟ್ಟಡಕ್ಕೆ ಟೊಮಹಾಕ್ಸ್ ಎಂಬ ಕಿರಿಯರ ತಂಡ ಬಂತು. ಹದಿನಾರರಿಂದ ಇಪ್ಪತ್ತು ವರ್ಷದ ಹುಡುಗರು. ಸಂಬಳವಿಲ್ಲ, ಕಾಲೇಜಿಗೆ ಸೇರುವ ಆಸೆಯಲ್ಲಿ ಆಡುವವರು. ದೂರದೂರದಿಂದ ಬರುವ ಇಂಥ ಹುಡುಗರನ್ನು ಊರಿನ ಸಂಸಾರಗಳು ತಮ್ಮ ಮನೆಯಲ್ಲಿಟ್ಟುಕೊಂಡು ಊಟ ಹಾಕುವುದು ಆ ಲೀಗಿನ ರೂಢಿ. ನಮ್ಮ ಹಿಂದಿನವರು ಓದುವ ಹುಡುಗರಿಗೆ ಹಾಕುತ್ತಿದ್ದ ವಾರಾನ್ನ ನೆನಪಾಗುವುದಿಲ್ಲವೆ? ತಾವೇ ಪರಸ್ಥಳದಿಂದ ಬಂದವರ ಮೊಮ್ಮಕ್ಕಳು, ಪರಸ್ಥಳದ ಮಗುವಿಗೆ ತಟ್ಟೆ ಇಡುತ್ತಾರೆ.

2015ರಲ್ಲಿ ಇನ್ನೊಂದು ಸಂತೋಷದ ಸಂಗತಿ ನಡೆಯಿತು. ಅಮೆರಿಕದಲ್ಲಿ ಹಾಕಿಯನ್ನು ಅತಿ ಹೆಚ್ಚು ಪ್ರೀತಿಸುವ ಊರು ಯಾವುದೆಂದು ಆರಿಸಲು ಕ್ರಾಫ್ಟ್ ಎಂಬ ತಿಂಡಿತಿನಿಸುಗಳ ಕಂಪನಿ 'ಹಾಕಿವಿಲ್' ಎಂಬ ಸ್ಪರ್ಧೆಯನ್ನು ಆ ದೇಶದಲ್ಲಿ ಮೊದಲ ಬಾರಿಗೆ ನಡೆಸಿತು. ಜನರ ಮತದಿಂದ ನಿರ್ಣಯ. ದೊಡ್ಡ ಊರುಗಳನ್ನೆಲ್ಲ ಹಿಂದಿಕ್ಕಿ ಗೆದ್ದದ್ದು ಜಾನ್‌ಸ್ಟೌನ್! ಹಳೆಯ ಯುದ್ಧಸ್ಮಾರಕದ ದುರಸ್ತಿಗೆ ಒಂದೂವರೆ ಲಕ್ಷ ಡಾಲರ್ ಬಹುಮಾನ. ಆ ಸೆಪ್ಟೆಂಬರಿನಲ್ಲಿ ನ್ಯಾಷನಲ್ ಲೀಗಿನ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಮತ್ತು ಟ್ಯಾಂಪಾ ಬೇ ಲೈಟ್ನಿಂಗ್ ತಂಡಗಳು ಬಂದು ಅಲ್ಲಿ ಒಂದು ಪಂದ್ಯ ಆಡಿದವು. ರೋಬರ್ಜ್ ಯಾವ ಲೀಗಿನ ಅಂಗಳಕ್ಕೆ ಏರಲಾಗಲಿಲ್ಲವೋ ಆ ಲೀಗು ಒಂದು ಸಂಜೆಯ ಮಟ್ಟಿಗೆ ರೋಬರ್ಜನ ಅಂಗಳಕ್ಕೆ ಇಳಿದು ಬಂತು.

ಈ ಊರಿನ ಕಥೆಯನ್ನು ಓದಿದಾಗ ನನಗೆ ಅನ್ನಿಸಿದ್ದು ಇಷ್ಟು. ಕಾರ್ಖಾನೆ ಕಂಪನಿಯದು, ಅದು ಹೋಯಿತು. ತಂಡ ಮಾಲೀಕನದು, ಅದೂ ಹೋಯಿತು. ಲೀಗುಗಳು ಹುಟ್ಟಿದವು, ಒಡೆದವು. ಹೆಸರನ್ನು ಕೂಡ ಸಿನಿಮಾದಿಂದ ಪಡೆದದ್ದು. ಊರಿನವರದೇ ಎಂದು ಉಳಿದದ್ದು ಎರಡೇ. ಒಂದು, ತಮ್ಮ ಸತ್ತ ಮಕ್ಕಳ ನೆನಪಿಗೆಂದು ಕಟ್ಟಿದ ಕಟ್ಟಡ. ಇನ್ನೊಂದು, ಚಳಿಗಾಲದ ಸಂಜೆ ಅಲ್ಲಿ ಬಂದು ಒಟ್ಟಿಗೆ ಕೂರುವ ಅಭ್ಯಾಸ. ಈ ಎರಡೂ ಇದ್ದಲ್ಲಿ ತಂಡ ಮತ್ತೆ ಬಂತು. ಒಂದು ಸಲವಲ್ಲ, ಮೂರು ಸಲ.

ಪರವೂರಿನಲ್ಲಿ ಒಂದು ಸಭಾಭವನ ಕಟ್ಟಲು ಚಂದಾ ಎತ್ತಿದವರಿಗೆ, ತಿಂಗಳಿಗೊಮ್ಮೆ ಅಲ್ಲಿ ಬಂದು ಕೂರುವವರಿಗೆ, ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳು ಈಗ ಬರುವುದಿಲ್ಲ, ಕುರ್ಚಿ ಖಾಲಿ ಎಂದು ನಾವು ಆಗಾಗ ನಿಟ್ಟುಸಿರು ಬಿಡುತ್ತೇವೆ. ಜಾನ್‌ಸ್ಟೌನಿನಲ್ಲೂ ಕುರ್ಚಿಗಳು ಖಾಲಿಯಾಗಿದ್ದವು. ಆದರೆ ಕುರ್ಚಿಗಳನ್ನು ಅವರು ಎತ್ತಿಡಲಿಲ್ಲ.